ಅಲೆಯ ಜಾಡು ಹಿಡಿದು

ನೆಲದ ಮೇಲೆ ನಡೆಯುವವನಿಗೆ ಹಾದಿಯುಂಟು. ಹಾದಿ ತಪ್ಪಿದರೆ ಕೇಳಿ ತಿಳಿಯಲು ಎದುರಿಗೆ ಬರುವ ಜನರುಂಟು. ಕಡಲಿನಲ್ಲಿ ಸಾಗುವ ಹಡಗಿಗೆ ದಡದ ದೀಪಸ್ತಂಭವುಂಟು. ಆದರೆ ಇರುಳಿನಲ್ಲಿ, ಮೋಡಗಳ ನಡುವೆ, ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನಕ್ಕೆ ಆಸರೆ ಯಾವುದು? ಕಣ್ಣಿಗೆ ಕಾಣದ ರೇಡಿಯೊ ಅಲೆಗಳೇ ಅದಕ್ಕೆ ಹಾದಿ. ಅವೇ ದೀಪ, ಅವೇ ಮಾತು. ಆ ಅಲೆಗಳಿಗೆ ಅಡಚಣೆ ಒದಗಿದರೆ ವಿಮಾನವು ಒಮ್ಮೆಲೇ ಕಿವುಡಾಗಬಹುದು, ಇಲ್ಲವೆ ತಾನಿರುವ ಸ್ಥಳವನ್ನೇ ತಪ್ಪಾಗಿ ತಿಳಿಯಬಹುದು. ಇಂಥ ಅಡಚಣೆಯ ಮೂಲವನ್ನು ಹುಡುಕಿ ತೆಗೆಯುವುದು ತಾಳ್ಮೆಯನ್ನೂ ಜಾಣ್ಮೆಯನ್ನೂ ಬೇಡುವ ಕೆಲಸ. ವಿಚಿತ್ರವೆಂದರೆ, ಆ ಮೂಲವು ಅನೇಕ ವೇಳೆ ಯಾವುದೋ ಸಾಧಾರಣ ಮನೆಯ ತಾರಸಿಯ ಮೇಲೆ ಅಥವಾ ಮೇಜಿನ ಮೇಲೆ ಇರುತ್ತದೆ.

ರೇಡಿಯೊ ಅಲೆಗಳು ಕನ್ನಡಿಗರಿಗೆ ಹೊಸವಲ್ಲ. 1935ರಲ್ಲಿಯೇ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಇಂದು ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್.ಎಂ. ಕಾರ್ಯಕ್ರಮವನ್ನು ಕೇಳಲು ರೇಡಿಯೊ ಪೆಟ್ಟಿಗೆಯ ಮುಳ್ಳನ್ನು 101.3 ಎಂಬ ಅಂಕಿಗೆ ತಿರುಗಿಸುತ್ತಾರೆ. ಆ ಅಲೆಯು ಒಂದು ಸೆಕೆಂಡಿಗೆ 10 ಕೋಟಿ 13 ಲಕ್ಷ ಸಲ ಕಂಪಿಸುತ್ತದೆ ಎಂಬುದೇ ಅದರ ಅರ್ಥ. ಹೀಗೆ ಸೆಕೆಂಡಿಗೆ ಎಷ್ಟು ಕಂಪನಗಳು ಎಂಬುದನ್ನು ಅಲೆಯ ಆವೃತ್ತಿ ಎನ್ನುತ್ತಾರೆ. ಹತ್ತು ಲಕ್ಷ ಕಂಪನಗಳಿಗೆ ಒಂದು ಮೆಗಾಹರ್ಟ್ಸ್ ಎಂದು ಹೆಸರು.

ರೇಡಿಯೊ ಪೆಟ್ಟಿಗೆಯ ಮುಳ್ಳು 108ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಹಾಡು, ವಾರ್ತೆಗಳಿಲ್ಲ; ಅದು ವಿಮಾನಗಳ ಲೋಕ. 108ರಿಂದ 118 ಮೆಗಾಹರ್ಟ್ಸ್‌ವರೆಗಿನ ಅಲೆಗಳು ವಿಮಾನಕ್ಕೆ ದಿಕ್ಕು ತೋರಿಸುತ್ತವೆ. ವಿ.ಓ.ಆರ್. ಎಂಬ ನೆಲದ ಕೇಂದ್ರವು ‘ನೀನು ನನ್ನಿಂದ ಇಂಥ ದಿಕ್ಕಿನಲ್ಲಿರುವೆ’ ಎಂದು ತಿಳಿಸುತ್ತದೆ. ಐ.ಎಲ್.ಎಸ್. ಎಂಬ ಸಾಧನವು ಮಂಜು ಕವಿದಾಗಲೂ ವಿಮಾನವು ಓಡುಪಥದ ನಡುಗೆರೆಗೆ ನೇರವಾಗಿ ಇಳಿದು ಬರುವಂತೆ ದಾರಿ ತೋರುತ್ತದೆ. 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಅಲೆಗಳು ವಿಮಾನ ಚಾಲಕರಿಗೂ ನಿಯಂತ್ರಣ ಗೋಪುರಕ್ಕೂ ನಡೆಯುವ ಸಂಭಾಷಣೆಗೆ ಮೀಸಲಾಗಿವೆ. ಇವೆಲ್ಲಕ್ಕಿಂತ ಬಹಳ ಮೇಲೆ, 1575.42 ಮೆಗಾಹರ್ಟ್ಸ್‌ನಲ್ಲಿ, ಜಿಪಿಎಸ್ ಉಪಗ್ರಹಗಳ ಸಂಕೇತಗಳು ಬರುತ್ತವೆ. ಯಾವ ಅಲೆಯನ್ನು ಯಾವ ಕೆಲಸಕ್ಕೆ ಬಳಸಬೇಕೆಂಬುದನ್ನು ಲೋಕದ ರಾಷ್ಟ್ರಗಳೆಲ್ಲ ಒಟ್ಟಾಗಿ ಗೊತ್ತುಮಾಡಿಕೊಂಡಿವೆ.

ಸಂಭಾಷಣೆಯಲ್ಲಿ ಒಂದು ವಿಶೇಷವುಂಟು. ಒಂದು ಪ್ರದೇಶದಲ್ಲಿ ಹಾರುತ್ತಿರುವ ವಿಮಾನಗಳೆಲ್ಲವೂ ಒಂದೇ ಆವೃತ್ತಿಯಲ್ಲಿ ಮಾತನಾಡುತ್ತವೆ; ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತಾರೆ. ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಎರಡು ಅಲೆಗಳೂ ಒಂದರ ಮೇಲೊಂದು ಬಿದ್ದು, ಕೇಳುವವರಿಗೆ ಬರಿಯ ಕರ್ಕಶ ಸದ್ದು ಕೇಳಿಸುತ್ತದೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಒಂದು ದೊಡ್ಡ ವಿಮಾನವು ಮೇಲೇರಲು ಓಟವನ್ನು ಆರಂಭಿಸಿತು. ಅದೇ ಓಡುಪಥದಲ್ಲಿ ಇನ್ನೊಂದು ವಿಮಾನವಿತ್ತು. ಗೋಪುರದವರೂ ಆ ಇನ್ನೊಂದು ವಿಮಾನದವರೂ ಒಂದೇ ಕ್ಷಣದಲ್ಲಿ ಎಚ್ಚರಿಕೆಯ ಮಾತನ್ನಾಡಿದರು. ಓಡುತ್ತಿದ್ದ ವಿಮಾನದ ಚಾಲಕರ ಕಿವಿಗೆ ಬಿದ್ದುದು ಆ ಮಾತುಗಳಲ್ಲ, ಕೆಲವು ಸೆಕೆಂಡುಗಳ ಸಿಳ್ಳಿನಂತಹ ಸದ್ದು. ಎರಡು ವಿಮಾನಗಳೂ ಡಿಕ್ಕಿ ಹೊಡೆದು 583 ಜನರು ಸತ್ತರು. ಆ ದುರಂತಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಈ ಕೆಲವು ಸೆಕೆಂಡುಗಳ ಅಡಚಣೆಯೂ ಒಂದು. ಆಕಾಶದ ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನು, ಅಡಚಣೆಯು ಹುಟ್ಟುವುದು ಹೇಗೆ? ವಿಮಾನದ ಆವೃತ್ತಿಯಲ್ಲಿ ಬೇಕೆಂದು ಯಾರೂ ಮಾತನಾಡದಿದ್ದರೂ ಅಡಚಣೆ ಉಂಟಾಗಬಹುದು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದಾಗ ಕಿವಿಗಡಚಿಕ್ಕುವ ಊಳು ಏಳುವುದನ್ನು ಎಲ್ಲರೂ ಕೇಳಿರುತ್ತಾರೆ. ಹೊರಬಂದ ಸದ್ದೇ ಮರಳಿ ಮೈಕಿನೊಳಗೆ ಹೋಗಿ, ಹಿಗ್ಗಿ, ಮತ್ತೆ ಹೊರಬರುವುದರಿಂದ ಹೀಗಾಗುತ್ತದೆ. ಟೆಲಿವಿಷನ್ ಆಂಟೆನಾಕ್ಕೆ ಜೋಡಿಸುವ ಬೂಸ್ಟರ್ ಕೆಟ್ಟಾಗಲೂ, ಮೊಬೈಲ್ ಸಂಕೇತವನ್ನು ಹೆಚ್ಚಿಸಿಕೊಳ್ಳಲು ಅನುಮತಿಯಿಲ್ಲದೆ ಹಾಕಿಕೊಂಡ ಬೂಸ್ಟರ್‌ನಲ್ಲಿಯೂ ಇದೇ ಬಗೆಯ ಊಳು ಏಳಬಹುದು. ಅದು ಕಿವಿಗೆ ಕೇಳಿಸುವುದಿಲ್ಲ. ರೇಡಿಯೊ ಅಲೆಯಾಗಿ ಸುತ್ತಲೂ ಹರಡುತ್ತದೆ. ಅಗ್ಗದ ವಿದ್ಯುತ್ ಸಾಧನಗಳು, ಕಿಡಿ ಹಾರಿಸುವ ಸಡಿಲ ತಂತಿ, ಒಡೆದ ಕೇಬಲ್, ಒತ್ತಿದಂತೆಯೇ ಸಿಕ್ಕಿಕೊಂಡ ಮೈಕಿನ ಗುಂಡಿ, ಇವೂ ತೊಂದರೆ ಕೊಡುತ್ತವೆ.

ಎರಡು ನಿರಪರಾಧಿ ಅಲೆಗಳು ಕೂಡಿ ಮೂರನೆಯದೊಂದಕ್ಕೆ ಜನ್ಮ ಕೊಡುವುದೂ ಉಂಟು. ಲೆಕ್ಕದ ಅನುಕೂಲಕ್ಕಾಗಿ, 106 ಮತ್ತು 92 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುವ ಎರಡು ಪ್ರಬಲ ಕೇಂದ್ರಗಳು ಹತ್ತಿರ ಹತ್ತಿರ ಇವೆಯೆಂದು ಭಾವಿಸೋಣ. ಇವೆರಡರ ಅಲೆಗಳೂ ದೋಷವಿರುವ ಯಾವುದಾದರೊಂದು ವರ್ಧಕದಲ್ಲಿ ಬೆರೆತರೆ 106ರ ಎರಡರಷ್ಟರಿಂದ 92ನ್ನು ಕಳೆದು ಉಳಿಯುವ 120 ಮೆಗಾಹರ್ಟ್ಸ್‌ನ ಹೊಸ ಅಲೆ ಹುಟ್ಟಬಹುದು. ಅದು ವಿಮಾನ ಸಂಭಾಷಣೆಯ ವಲಯದ ನಡುವೆಯೇ ಬೀಳುತ್ತದೆ. ಆಗ ವಿಮಾನ ಚಾಲಕನಿಗೆ ನಿಯಂತ್ರಕರ ಆದೇಶದ ಜೊತೆಗೆ ಹಾಡಿನ ತುಣುಕೂ ಕೇಳಿಸುತ್ತದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಮೇಲಿರುವ ವಿಮಾನ ಚಾಲಕರು ಅಡಚಣೆಯ ಬಗೆಗೆ ದೂರುತ್ತಿದ್ದರೂ ಕೆಳಗಿರುವ ಗೋಪುರದವರಿಗೆ ಏನೂ ಕೇಳಿಸದಿರಬಹುದು. ಈ ಜಾತಿಯ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವುದೇ ಇದಕ್ಕೆ ಕಾರಣ. ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಆ ಎತ್ತರದಿಂದ ರೇಡಿಯೊ ಅಲೆಯು ಸಮತಟ್ಟಾದ ನೆಲದ ಮೇಲೆ ಎಷ್ಟು ಕಿಲೋಮೀಟರ್ ಮುಟ್ಟಬಲ್ಲದೆಂಬುದು ತಿಳಿಯುತ್ತದೆ. ಬೆಂಗಳೂರಿನ ಪಶ್ಚಿಮಕ್ಕಿರುವ ವಿಜಯನಗರದ ಆರ್‌ಪಿಸಿ ಲೇಔಟ್‌ನ ಮನೆಯೊಂದರ ತಾರಸಿ 12 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಅಲ್ಲಿಂದ ಹೊರಟ ಅಲೆ ನೆಲದ ಮೇಲೆ ಸುಮಾರು 14 ಕಿಲೋಮೀಟರ್ ಮಾತ್ರ ಹೋದೀತು. ನಡುವಿನ ಕಟ್ಟಡಗಳು ಅದನ್ನೂ ತಡೆಯುತ್ತವೆ. ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಆದರೆ 10,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನದ ಆಂಟೆನಾಕ್ಕೆ ಸುತ್ತಲೂ 412 ಕಿಲೋಮೀಟರ್ ದೂರದವರೆಗೆ ಎಲ್ಲ ತಾರಸಿಗಳೂ ತೆರೆದೇ ಇರುತ್ತವೆ. ಹೀಗೆ ನೆಲದವರಿಗೆ ಮರೆಯಾಗಿರುವ ತಪ್ಪು ಆಕಾಶದವರಿಗೆ ಬಯಲಾಗುತ್ತದೆ. ಬೇಟೆ ಕಷ್ಟವಾಗುವುದೂ ಇದರಿಂದಲೇ. ವಿಮಾನ ಕೇಳಿದ ಸದ್ದು ಕರ್ನಾಟಕದ ಯಾವ ಮೂಲೆಯದೂ ಆಗಿರಬಹುದು, ನೆರೆರಾಜ್ಯದ್ದೂ ಆಗಿರಬಹುದು.

ಆದುದರಿಂದ ಹುಡುಕಾಟವು ಪ್ರಶ್ನೆಗಳಿಂದ ಆರಂಭವಾಗುತ್ತದೆ. ಯಾವ ಆವೃತ್ತಿಯಲ್ಲಿ ತೊಂದರೆಯಾಯಿತು? ಯಾವ ಹೊತ್ತಿನಲ್ಲಿ? ವಿಮಾನವು ಆಗ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು? ಸದ್ದು ಗುಂಯ್‌ಗುಡುವಂಥದೋ, ಕರಕರ ಎನ್ನುವಂಥದೋ, ಹಾಡೋ, ಮಾತೋ? ಹಲವು ವಿಮಾನಗಳು ಕೊಟ್ಟ ವರದಿಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಅಡಚಣೆಯ ಸೀಮೆ ಮೂಡುತ್ತದೆ. ಸಂಜೆಯಾದೊಡನೆ ಶುರುವಾಗಿ ಮಧ್ಯರಾತ್ರಿ ನಿಲ್ಲುವ ಸದ್ದು ಮನೆಯ ದೀಪವನ್ನೋ ಟೆಲಿವಿಷನ್ನನ್ನೋ ಸೂಚಿಸುತ್ತದೆ. ಭಾನುವಾರ ಮೌನವಾಗುವ ಸದ್ದು ಕಾರ್ಖಾನೆಯನ್ನು ಸೂಚಿಸುತ್ತದೆ. ಒಂದೇ ವಿಮಾನದಲ್ಲಿ ಮಾತ್ರ ಕೇಳಿಬಂದರೆ ಕೇಡು ಆ ವಿಮಾನದ ಒಳಗೇ ಇರಬಹುದು. ಹೊರಗೆ ಹುಡುಕುವ ಮೊದಲು ತಮ್ಮ ಉಪಕರಣಗಳನ್ನೇ ಪರೀಕ್ಷಿಸಿಕೊಳ್ಳುವುದು ಈ ವಿದ್ಯೆಯ ಮೊದಲ ನಿಯಮ.

ಭಾರತದಲ್ಲಿ ರೇಡಿಯೊ ಅಲೆಗಳ ಕಾವಲಿಗಾಗಿಯೇ ನಿಸ್ತಂತು ನಿಗಾ ಸಂಸ್ಥೆಯೊಂದಿದೆ. 1952ರಲ್ಲಿ ಸ್ಥಾಪನೆಯಾದ ಇದು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಗೆ ಸೇರಿದ್ದು, ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಲ್ಲಿ ಕೇಂದ್ರಗಳನ್ನು ಹೊಂದಿದೆ. ವಿಮಾನಗಳಿಗೆ ಅಡಚಣೆಯಾದಾಗ ವಿಮಾನ ನಿಲ್ದಾಣ ಪ್ರಾಧಿಕಾರವು ಈ ಸಂಸ್ಥೆಯ ನೆರವನ್ನು ಕೋರುತ್ತದೆ. ಸಂಸ್ಥೆಯವರು ದಿಕ್ಕನ್ನು ಗುರುತಿಸುವ ಆಂಟೆನಾ ಉಳ್ಳ ವಾಹನಗಳೊಂದಿಗೆ ಹೊರಡುತ್ತಾರೆ.

ಅವರ ವಿಧಾನದ ತಿರುಳು ರೇಖಾಗಣಿತವೇ. ಕೆಟ್ಟ ಅಲೆಯೊಂದು ಆರ್‌ಪಿಸಿ ಲೇಔಟ್‌ನಿಂದಲೇ ಹೊರಡುತ್ತಿದೆ ಎಂದು ಊಹಿಸಿಕೊಂಡು ಈ ವಿಧಾನವನ್ನು ನೋಡಬಹುದು. ಮಾಗಡಿ ರಸ್ತೆಯಲ್ಲಿ ನಿಂತ ವಾಹನಕ್ಕೆ ಅಲೆಯು ದಕ್ಷಿಣದ ಕಡೆಯಿಂದ ಬರುತ್ತಿರುವಂತೆ ತೋರುತ್ತದೆ. ಆ ದಿಕ್ಕಿಗೆ ನಕ್ಷೆಯ ಮೇಲೆ ಒಂದು ಗೆರೆಯನ್ನು ಎಳೆಯುತ್ತಾರೆ. ಮೂಲವು ಆ ಗೆರೆಯ ಮೇಲೆ ಎಲ್ಲಿಯಾದರೂ ಇರಬಹುದು. ವಾಹನವು ಪೂರ್ವಕ್ಕೆ ಹೋಗಿ ಕಾರ್ಡ್ ರಸ್ತೆಯಲ್ಲಿ ನಿಂತಾಗ ಅಲೆಯು ಪಶ್ಚಿಮದಿಂದ ಬರುತ್ತದೆ. ಎರಡನೆಯ ಗೆರೆ ಮೊದಲನೆಯದನ್ನು ಕತ್ತರಿಸುತ್ತದೆ. ಮೈಸೂರು ರಸ್ತೆಯಿಂದ ಎಳೆದ ಮೂರನೆಯ ಗೆರೆಯೂ ಅದರ ಸಮೀಪವೇ ಹಾದುಹೋದರೆ ಊಹೆಗೆ ಬಲ ಬರುತ್ತದೆ. ಆದರೆ ಗೆರೆಗಳು ಒಂದೇ ಚುಕ್ಕೆಯಲ್ಲಿ ಕೂಡುವುದು ಅಪರೂಪ. ದಿಕ್ಕನ್ನು ಅಳೆಯುವಾಗ ಎರಡು ಡಿಗ್ರಿಯಷ್ಟು ತಪ್ಪಾದರೂ ಐದು ಕಿಲೋಮೀಟರ್ ದೂರದಲ್ಲಿ ಅದು ಸುಮಾರು 175 ಮೀಟರುಗಳ ತಪ್ಪಾಗುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಅಷ್ಟು ದೂರದೊಳಗೆ ಹಲವು ಬೀದಿಗಳೂ ನೂರಾರು ಕುಟುಂಬಗಳೂ ಇರುತ್ತವೆ. ಸಾಲದುದಕ್ಕೆ ಎತ್ತರದ ಕಟ್ಟಡಗಳು ಅಲೆಯನ್ನು ಪ್ರತಿಧ್ವನಿಯಂತೆ ಹಿಂದಿರುಗಿಸಿ ಸುಳ್ಳು ದಿಕ್ಕನ್ನು ತೋರಿಸುತ್ತವೆ. ಆದುದರಿಂದ ಎತ್ತರದ, ಬಯಲಾದ ಜಾಗಗಳಿಂದ ಮತ್ತೆ ಮತ್ತೆ ಅಳೆಯಬೇಕಾಗುತ್ತದೆ.

ಕೊನೆಯ ಹಂತ ಕಾಲ್ನಡಿಗೆಯದು. ಕೈಯಲ್ಲಿ ಹಿಡಿಯುವ ಚಿಕ್ಕ ಆಂಟೆನಾದೊಡನೆ ಬೀದಿ ಬೀದಿ ನಡೆಯುತ್ತಾರೆ. ದೂರವು ಅರ್ಧವಾದಾಗ ಅಲೆಯ ಬಲ ನಾಲ್ಕರಷ್ಟಾಗುತ್ತದೆ. ತೀರ ಹತ್ತಿರಕ್ಕೆ ಬಂದಾಗ ಗ್ರಾಹಕ ಯಂತ್ರಕ್ಕೆ ಎಲ್ಲ ದಿಕ್ಕಿನಿಂದಲೂ ಸದ್ದೇ ಸದ್ದು. ಯಾವ ಕಡೆ ಹೆಚ್ಚು, ಯಾವ ಕಡೆ ಕಡಿಮೆ ಎಂಬುದೇ ತಿಳಿಯದು. ಆಗ ಯಂತ್ರದ ಸೂಕ್ಷ್ಮತೆಯನ್ನು ಬೇಕೆಂದೇ ತಗ್ಗಿಸುತ್ತಾರೆ. ಸಮೀಪಿಸಿದಷ್ಟೂ ಕಿವಿಯನ್ನು ಮಂದಮಾಡಿಕೊಳ್ಳಬೇಕೆಂಬುದು ಈ ಬೇಟೆಯ ಒಂದು ಗುಟ್ಟು. ಬೇರೆ ಸಾಧನವಿಲ್ಲದಿದ್ದರೆ ಚಿಕ್ಕ ಗ್ರಾಹಕವನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಸುತ್ತುವುದೂ ಉಂಟು. ಶರೀರವು ಅಲೆಗೆ ಅಡ್ಡವಾಗುವುದರಿಂದ, ಸದ್ದು ಅತ್ಯಂತ ಕಡಿಮೆಯಾದಾಗ ಮೂಲವು ಬೆನ್ನ ಹಿಂದೆ ಇರುತ್ತದೆ. ಕಡೆಗೆ ಶಂಕೆಯಿರುವ ಮನೆಯವರ ಒಪ್ಪಿಗೆಯನ್ನು ಪಡೆದು, ಉಪಕರಣಗಳನ್ನು ಒಂದೊಂದಾಗಿ ಆರಿಸಿ ನೋಡುತ್ತಾರೆ. ಯಾವ ಗುಂಡಿಯನ್ನು ಒತ್ತಿದಾಗ ಸದ್ದು ನಿಲ್ಲುವುದೋ ಅದೇ ತಪ್ಪಿತಸ್ಥ ಉಪಕರಣ. ಮತ್ತೆ ಹೊತ್ತಿಸಿದಾಗ ಸದ್ದು ಮರಳಿ ಬಂದರೆ ಸಂದೇಹಕ್ಕೆ ಎಡೆಯಿಲ್ಲ. ಹವ್ಯಾಸಿ ರೇಡಿಯೊ ಬಳಗದವರು ಇದನ್ನೇ ‘ನರಿ ಬೇಟೆ’ ಎಂಬ ಆಟವಾಗಿ ಆಡುತ್ತಾರೆ. ಅಡಗಿಸಿಟ್ಟ ಪುಟ್ಟ ಪ್ರೇಷಕವೇ ಅಲ್ಲಿ ನರಿ.

ಹೀಗೆ ಸಿಕ್ಕಿಬಿದ್ದ ಮೂಲಗಳ ಕಥೆಗಳು ಸ್ವಾರಸ್ಯವಾಗಿವೆ. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಎಂಬ ಬಂದರಿನಲ್ಲಿ ಜಿಪಿಎಸ್ ಕೆಲಸಮಾಡದಂತಾಯಿತು. ಬಂದರಿನಿಂದ ಒಂದು ಕಿಲೋಮೀಟರ್ ಆಚೆಯ ಕಡಲಿನವರೆಗೂ ಇದೇ ಸ್ಥಿತಿ. ಬಹಳ ದಿನಗಳ ಹುಡುಕಾಟದ ಬಳಿಕ ದೊರೆತುದು ಶತ್ರುವಿನ ಯಂತ್ರವಲ್ಲ. ದೋಣಿಗಳ ಮೇಲಿದ್ದ, ಬೂಸ್ಟರ್ ಅಡಕವಾಗಿದ್ದ ಟೆಲಿವಿಷನ್ ಆಂಟೆನಾ. ಒಂದನ್ನು ನಿಲ್ಲಿಸಿದ ಮೇಲೂ ತೊಂದರೆ ಪೂರ್ತಿ ಹೋಗಲಿಲ್ಲ. ಅಂಥವು ಒಟ್ಟು ಮೂರು ಇದ್ದವು! ಒಂದು ಕಳ್ಳ ಸಿಕ್ಕಿದನೆಂದು ಹುಡುಕಾಟವನ್ನು ನಿಲ್ಲಿಸಬಾರದೆಂಬುದು ಇದರಿಂದ ತಿಳಿಯುವ ಪಾಠ.

2004ರ ಅಕ್ಟೋಬರಿನಲ್ಲಿ ಅದೇ ದೇಶದ ಆರೆಗನ್ ರಾಜ್ಯದ ಕೊರ್ವ್ಯಾಲಿಸ್ ಪಟ್ಟಣದಲ್ಲಿ ಇನ್ನೂ ವಿಚಿತ್ರವಾದ ಘಟನೆ ನಡೆಯಿತು. 121.5 ಮೆಗಾಹರ್ಟ್ಸ್ ಎಂಬುದು ಅಪಾಯಕ್ಕೆ ಸಿಕ್ಕ ವಿಮಾನಗಳು ಮೊರೆಯಿಡುವ ಆವೃತ್ತಿ. ಅದರಲ್ಲಿ ಬಂದ ಸಂಕೇತವನ್ನು ಉಪಗ್ರಹವು ಹಿಡಿಯಿತು. ಯಾವುದೋ ವಿಮಾನ ಬಿದ್ದಿರಬೇಕೆಂದು ರಕ್ಷಣಾ ತಂಡದವರು ಧಾವಿಸಿದರು. ಜಾಡು ಹಿಡಿದು ಹೋದಾಗ ಅವರು ತಲಪಿದುದು ಒಬ್ಬ ತರುಣನ ಕೋಣೆಯ ಬಾಗಿಲಿಗೆ. ಮೊರೆಯಿಟ್ಟುದು ಅವನ ಟೆಲಿವಿಷನ್ ಪೆಟ್ಟಿಗೆ!

ಇಂಥ ಮೊರೆಗಳನ್ನು ಕೇಳುವ ಭಾರತದ ಕೇಂದ್ರವು ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೇ, ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿದೆ. ಹತ್ತಿರ ಬರುವ ರೈಲಿನ ಸಿಳ್ಳು ಏರುದನಿಯಲ್ಲಿಯೂ ದೂರ ಸರಿಯುವ ರೈಲಿನ ಸಿಳ್ಳು ಇಳಿದನಿಯಲ್ಲಿಯೂ ಕೇಳುವಂತೆ, ಹಾರುವ ಉಪಗ್ರಹಕ್ಕೆ ನೆಲದ ಸಂಕೇತದ ಆವೃತ್ತಿ ಬದಲಾಗುತ್ತ ಹೋಗುತ್ತದೆ. ಆ ಬದಲಾವಣೆಯಿಂದಲೇ ಸಂಕೇತವು ಹೊರಟ ಸ್ಥಳವನ್ನು ಲೆಕ್ಕಹಾಕಬಹುದು. ಆದರೆ 121.5ರಲ್ಲಿ ಸುಳ್ಳು ಮೊರೆಗಳು ಅತಿಯಾಗಿ, ನಿಜವಾದ ಆಪತ್ತು ಯಾವುದೆಂದು ತಿಳಿಯುವುದೇ ಕಷ್ಟವಾಯಿತು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಆವೃತ್ತಿಯನ್ನು ಆಲಿಸುವುದನ್ನು ಬಿಟ್ಟವು. ಈಗ 406 ಮೆಗಾಹರ್ಟ್ಸ್‌ನಲ್ಲಿ, ಯಾರ ಮೊರೆ ಎಂಬ ಗುರುತಿನ ಸಂಖ್ಯೆಯನ್ನೂ ಹೊತ್ತು ಬರುವ ಸಂಕೇತಗಳನ್ನು ಮಾತ್ರ ಅವು ಆಲಿಸುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಅಡಚಣೆಯು ಹೊಸ ರೂಪವನ್ನು ತಾಳಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬಂದು ಭೂಮಿಯನ್ನು ಮುಟ್ಟುವ ಸಂಕೇತದ ಬಲ, ಒಂದು ವಾಟ್ ಶಕ್ತಿಯನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ದೊರೆಯುವ ಒಂದು ಪಾಲಿನಷ್ಟು ಮಾತ್ರ. ಇಷ್ಟು ಕ್ಷೀಣವಾದ ದನಿಯನ್ನು ಅಡಗಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. 2012ರಲ್ಲಿ ಅಮೆರಿಕದ ನ್ಯೂವರ್ಕ್ ವಿಮಾನ ನಿಲ್ದಾಣದ ಉಪಕರಣಕ್ಕೆ ತೊಂದರೆಯಾದಾಗ, ಅದರ ಮೂಲವು ಒಂದು ವಾಹನದಲ್ಲಿ ಪತ್ತೆಯಾಯಿತು. ತಾನು ಎಲ್ಲಿ ತಿರುಗುತ್ತಿದ್ದೇನೆಂಬುದು ಯಜಮಾನನಿಗೆ ತಿಳಿಯಬಾರದೆಂದು ಅದರ ಚಾಲಕನು ಜಿಪಿಎಸ್ ಅನ್ನು ಅಡಗಿಸುವ ಪುಟ್ಟ ಸಾಧನವನ್ನು ಇಟ್ಟುಕೊಂಡಿದ್ದನು. ಅವನು ಮರೆಮಾಚಲು ಹೊರಟುದು ತನ್ನ ವಾಹನವೊಂದನ್ನೇ. ಅಡ್ಡಿಯಾದುದು ವಿಮಾನ ನಿಲ್ದಾಣಕ್ಕೆ.

ಸಂಕೇತವನ್ನು ಅಡಗಿಸುವುದಕ್ಕಿಂತ ಘೋರವಾದುದು ಅದನ್ನು ನಕಲು ಮಾಡುವುದು. ನಿಜವಾದ ಉಪಗ್ರಹದಂತೆಯೇ ನಟಿಸುವ ಸುಳ್ಳು ಸಂಕೇತವು ವಿಮಾನಕ್ಕೆ ತಾನಿಲ್ಲದ ಸ್ಥಳವನ್ನು ತನ್ನ ಸ್ಥಳವೆಂದು ನಂಬಿಸುತ್ತದೆ. 2023ರ ನವೆಂಬರಿನಲ್ಲಿ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಬಗೆಗೆ ವಿಮಾನ ಸಂಸ್ಥೆಗಳನ್ನು ಎಚ್ಚರಿಸಿತು. 2025ರಲ್ಲಿ ದೆಹಲಿಗೆ ಇಳಿಯುತ್ತಿದ್ದ ಕೆಲವು ವಿಮಾನಗಳು ಇಂಥ ಸುಳ್ಳು ಸಂಕೇತಗಳನ್ನು ವರದಿಮಾಡಿದವು. ಜಿಪಿಎಸ್‌ಗೆ ಅಡಚಣೆಯಾದ ವರದಿಗಳು ಬಂದ ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದೆಂದು ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರವು ಸಂಸತ್ತಿಗೆ ತಿಳಿಸಿತು. ಮೂಲವನ್ನು ಪತ್ತೆಹಚ್ಚುವ ಹೊಣೆಯನ್ನು ನಿಸ್ತಂತು ನಿಗಾ ಸಂಸ್ಥೆಗೇ ಒಪ್ಪಿಸಲಾಯಿತು. ದೆಹಲಿಯಲ್ಲಿ ನೆಲದ ಹಳೆಯ ಸಾಧನಗಳಿದ್ದ ಓಡುಪಥಗಳಿಗೆ ಬಂದ ವಿಮಾನಗಳಿಗೆ ತೊಂದರೆಯಾಗಲಿಲ್ಲ. ಹೊಸದು ಬಂತೆಂದು ಹಳೆಯದನ್ನು ಕಿತ್ತೆಸೆಯಬಾರದೆಂಬ ವಿವೇಕವು ಇಲ್ಲಿ ಫಲ ಕೊಟ್ಟಿತು.

ರೇಡಿಯೊ ಮೌನವೂ ಒಂದು ಸಂಪತ್ತು. ಕೆಂಗೇರಿಯಿಂದಾಚೆಗಿರುವ ಬ್ಯಾಲಾಳು ಗ್ರಾಮದಲ್ಲಿ ಇಸ್ರೋ ಸಂಸ್ಥೆಯು 32 ಮೀಟರ್ ಅಗಲದ ದೊಡ್ಡ ಆಂಟೆನಾವನ್ನು ಸ್ಥಾಪಿಸಿದೆ. ಬಟ್ಟಲಿನಂತೆ ತಗ್ಗಾದ ಆ ನೆಲವು ನಗರದ ರೇಡಿಯೊ ಗದ್ದಲವನ್ನು ಮರೆಮಾಡುವುದರಿಂದಲೇ ಆ ಸ್ಥಳವನ್ನು ಆರಿಸಿಕೊಂಡರು. ಚಂದ್ರನತ್ತ ಹೋದ ನೌಕೆಗಳ ಕ್ಷೀಣ ದನಿಯನ್ನು ಅಲ್ಲಿ ಆಲಿಸುತ್ತಾರೆ. ಆದರೆ ಹಾರುವ ವಿಮಾನಕ್ಕೆ ಅಂಥ ಮರೆಯಿಲ್ಲ. ಅದು ಊರಿನ ಮೇಲೆಯೇ ಹಾದುಹೋಗಬೇಕು.

ಹಿಂದಿನವರು ಊರ ಕೆರೆಯನ್ನು ಕಾಪಾಡಿಕೊಂಡು ಬಂದರು. ಒಬ್ಬನು ನೀರನ್ನು ಕೆಡಿಸಿದರೆ ಕುಡಿಯುವವರೆಲ್ಲರಿಗೂ ಕೇಡೆಂಬುದು ಅವರಿಗೆ ಗೊತ್ತಿತ್ತು. ಆಕಾಶದ ಅಲೆಗಳೂ ಅಂಥ ಒಂದು ಕೆರೆ. ಪರವಾನಗಿಯಿಲ್ಲದೆ ಪ್ರೇಷಕವನ್ನೋ ಬೂಸ್ಟರನ್ನೋ ಬಳಸುವುದನ್ನು ಕಾನೂನು ನಿಷೇಧಿಸಿದೆ. ಆದರೆ ಪ್ರತಿ ತಾರಸಿಗೂ ಕಾವಲುಗಾರನನ್ನು ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಕೆಟ್ಟ ಉಪಕರಣವನ್ನು ಸರಿಪಡಿಸುವ, ಅನುಮತಿಯಿಲ್ಲದ ಸಾಧನವನ್ನು ಕೊಳ್ಳದಿರುವ, ತನಿಖೆಗೆ ಬಂದವರಿಗೆ ಬಾಗಿಲನ್ನು ತೆರೆಯುವ ನಾಗರಿಕನೇ ಆ ಕೆರೆಯ ನಿಜವಾದ ಕಾವಲುಗಾರ. ತಲೆಯ ಮೇಲೆ ಹಾದುಹೋಗುವ ವಿಮಾನದಲ್ಲಿರುವವರ ಪರಿಚಯ ಅವನಿಗಿಲ್ಲ. ಅವರಿಗೂ ಅವನ ಹೆಸರು ತಿಳಿಯದು. ಆದರೂ ಅವರ ಕ್ಷೇಮದಲ್ಲಿ ಅವನ ಪಾಲೂ ಇದೆ.